ಚೂರುಚಿತ್ರಗಳ ಶ್ಲೇಷೆ
(‘ಗೊರೊಗೋವ’ ಎಂಬ ಕಂಪ್ಯೂಟರ್ ಆಟದ ಒಂದು ವಿಮರ್ಶೆ)

೧

ಸಾಹಿತ್ಯ ಸಂಶೋಧನೆಗೆಂದು ಮೀಸಲಾದ ಸಂಚಿಕೆಯಲ್ಲಿ ಒಂದು ಆಟದ ವಿಮರ್ಶೆಗೆ ಎಡೆಯುಂಟೇ ಎಂದು ವಾಚಕರು ಕೇಳಬಹುದು. ಶಾಸನ, ಛಂದಸ್ಸು, ಜಾನಪದಗಳ ಪಂಕ್ತಿಯಲ್ಲಿ ಕಂಪ್ಯೂಟರಿನ ಪರದೆಯ ಮೇಲಿನ ಆಟವೊಂದು ಬಂದು ಕುಳಿತರೆ ಅಪಚಾರವಾದೀತೆಂಬ ಶಂಕೆ ನಮಗೂ ಇತ್ತು. ಆದರೆ ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು. ದಂಡಿಯು ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಯಮಕ, ಚಿತ್ರಬಂಧಗಳನ್ನು ಹೇಳಿ ಮುಗಿಸಿ, ಹದಿನಾರು ಬಗೆಯ ಪ್ರಹೇಳಿಕೆಗಳನ್ನೂ ಎಣಿಸಿದ್ದಾನೆ. ಒಗಟು ಒಡ್ಡುವುದರಿಂದ ಏನು ಪ್ರಯೋಜನವೆಂಬ ಪ್ರಶ್ನೆಗೆ ಅವನು ಕೊಡುವ ಉತ್ತರವೂ ಸೊಗಸಾಗಿದೆ. ವಿನೋದಗೋಷ್ಠಿಗಳಲ್ಲಿ ಅದು ರಂಜನೆ ಕೊಡುತ್ತದೆ, ಜನಸಂದಣಿಯ ನಡುವೆ ಬಲ್ಲವರಿಬ್ಬರು ಗುಟ್ಟಿನ ಮಾತಾಡಿಕೊಳ್ಳಲು ಒದಗುತ್ತದೆ, ಎದುರಿಗಿರುವವನನ್ನು ಬೆರಗುಗೊಳಿಸುತ್ತದೆ.

ಇದರಲ್ಲಿ ಎರಡನೆಯ ಪ್ರಯೋಜನವನ್ನು ಓದಿದಾಗಲೆಲ್ಲ ನಮಗೆ ನಗೆ ಬರುತ್ತದೆ. ಕುರಿಚಿಯಿಂದ ಕೊಯಮತ್ತೂರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಮನೆಯವರು, ನಮ್ಮ ನೆರೆಯ ನೇಕಾರರ ಮನೆಯವರು ಕನ್ನಡವನ್ನು ಉಪಯೋಗಿಸುವುದು ಸರಿಯಾಗಿ ಇದೇ ಕಾರ್ಯಕ್ಕೆ. ಜವಳಿ ಅಂಗಡಿಯಲ್ಲಿ ಸೀರೆಯ ಬೆಲೆ ಹೆಚ್ಚಾಯಿತೆಂದು ಒಬ್ಬರಿಗೊಬ್ಬರು ತಿಳಿಸಿಕೊಳ್ಳುವುದೂ ಹೀಗೆಯೇ. ಒಂದು ಭಾಷೆಯು ಅದನ್ನಾಡುವವರ ಬಾಯಲ್ಲೇ ಪ್ರಹೇಳಿಕೆಯ ಮಟ್ಟಕ್ಕೆ ಇಳಿದು ನಿಂತ ಪ್ರದೇಶದಲ್ಲಿ ನಾವು ಉಪಾಧ್ಯಾಯ ವೃತ್ತಿಯನ್ನು ನಡೆಸುತ್ತಿದ್ದೇವೆ. ಆದುದರಿಂದ ಒಗಟಿನ ಆಟವೊಂದನ್ನು ಕುರಿತು ನಾಲ್ಕು ಮಾತು ಬರೆಯುವುದು ನಮಗೆ ವಿಷಯಾಂತರವಾಗಿ ತೋರಲಿಲ್ಲ.

೨

ಚಿತ್ರವನ್ನು ಚೂರು ಮಾಡಿ ಮತ್ತೆ ಕೂಡಿಸುವ ಆಟಕ್ಕೆ ಇಂಗ್ಲಿಷಿನಲ್ಲಿ ಜಿಗ್ಸಾ ಎಂದು ಹೆಸರು. ಅದರ ಹುಟ್ಟು ಆಟದ ಅಂಗಡಿಯಲ್ಲಿ ಆದುದಲ್ಲ. ಪಾಠದ ಮೇಜಿನ ಮೇಲೆ ಆದುದು. ಲಂಡನ್ನಿನ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ ಎಂಬವನು ೧೭೬೦ರ ದಶಕದಲ್ಲಿ ಭೂಪಟಗಳನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿರೇಖೆಯ ಗುಂಟ ಗರಗಸದಿಂದ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದನು. ನಮ್ಮ ಕಾಲದಲ್ಲಿ ಮಾಂಟೆಸ್ಸೊರಿ ಶಾಲೆಗಳಲ್ಲಿಯೂ ಇಂಥ ಚೂರುಭೂಪಟಗಳು ಉಂಟು. ಶ್ರೀಮತಿ ಮಾಂಟೆಸ್ಸೊರಿಯವರು ೧೯೩೯ರಲ್ಲಿ ಮದರಾಸಿಗೆ ಬಂದು ಅಡಿಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನಡೆಸಿದ ಸಂಗತಿ ನಮ್ಮ ವೃತ್ತಿಯವರಿಗೆಲ್ಲ ತಿಳಿದೇ ಇದೆ.

ಆದ್ದರಿಂದ ಈ ಆಟದ ಮೊದಲ ಗರಗಸ ಓಡಿದ್ದು ಗಡಿಯ ಮೇಲೆ ಎಂಬುದನ್ನು ಗಡಿನಾಡಿನ ಉಪಾಧ್ಯಾಯರಾದ ನಾವು ಮರೆಯಲಾಗದು. ಜಿಗ್ಸಾ ಆಟದ ಮೂಲ ನಂಬಿಕೆ ಎರಡು: ಒಂದು ಚೂರಿಗೆ ಒಂದೇ ಸ್ಥಾನ, ಎಲ್ಲ ಚೂರುಗಳೂ ಕೂಡಿದರೆ ಒಂದೇ ಚಿತ್ರ. ಈ ನಂಬಿಕೆಯಿಂದಲೇ ೧೯೫೬ನೆಯ ನವೆಂಬರ್ ೧ರಂದು ನಮ್ಮ ಕಡೆಯ ಭೂಪಟವೂ ಮತ್ತೊಮ್ಮೆ ಕೊಯ್ಯಲ್ಪಟ್ಟಿತು. ಅಂದಿನವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಗಿ ಕೂಡಿತು. ಆ ಚೂರು ತನ್ನ ಸ್ಥಾನಕ್ಕೆ ಸೇರಿತೆಂದು ಎಲ್ಲರೂ ಸಂತೋಷಪಟ್ಟರು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತು. ಅದರ ವ್ಯಥೆಯನ್ನು ಈ ಸಂಚಿಕೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ದಿಂಬಂ ಘಟ್ಟದ ಮೇಲಿನ ತಾಳವಾಡಿ, ಕನ್ನಡವನ್ನೇ ಆಡಿಕೊಂಡು, ಇಂದಿಗೂ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ.

ಇನ್ನು ಕುರಿಚಿಯ ಮಾತು. ಇದು ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ರಸ್ತೆಯ ಮೇಲಿನ ಊರು. ೨೦೧೧ರಲ್ಲಿ ಕೊಯಮತ್ತೂರು ನಗರಪಾಲಿಕೆಯಲ್ಲಿ ಲೀನವಾಯಿತು. ಒಂದು ಕಡೆ ನೊಯ್ಯಲ್ ನದಿಯ ನೀರುಂಡ ಹಳೆಯ ಕೆರೆ, ಇನ್ನೊಂದು ಕಡೆ ಲೇತು, ಎರಕ, ಪಂಪುಗಳ ಸಣ್ಣ ಕಾರ್ಖಾನೆಗಳು. ಈ ಸೀಮೆಯ ದೇವಾಂಗರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಕನ್ನಡ ಉಂಟು. ಬೀದಿಯಲ್ಲಿ, ಶಾಲೆಯಲ್ಲಿ, ಲೆಕ್ಕದ ಪುಸ್ತಕದಲ್ಲಿ ತಮಿಳು. ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಕಾವೇರಿಯಿಂದ ಗೋದಾವರಿಯವರೆಗೆ ಎಲ್ಲೆಯನ್ನು ಹೇಳಿದನಷ್ಟೆ. ಕುರಿಚಿ ಕಾವೇರಿಗೂ ತೆಂಕಣ ದಿಕ್ಕಿಗಿದೆ. ಅಂದರೆ ನಾವು ೧೯೫೬ರ ಗರಗಸಕ್ಕೆ ಮಾತ್ರವಲ್ಲ, ಅದಕ್ಕೆ ಸಾವಿರದ ನೂರು ವರ್ಷ ಹಿಂದಿನ ಲೇಖನಿಗೂ ಹೊರಗಿನವರು! ಒಂದು ಚೂರಿಗೆ ಒಂದೇ ಸ್ಥಾನವೆಂಬ ಆಟದಲ್ಲಿ ನಮ್ಮಂಥವರು ಪೆಟ್ಟಿಗೆಯ ತಳದಲ್ಲಿ ಉಳಿದುಬಿಡುವ ಚೂರುಗಳು.

ಕಂಪ್ಯೂಟರಿನಲ್ಲಿ ದೊರೆಯುವ ಸಾಮಾನ್ಯ ಜಿಗ್ಸಾ ಆಟಗಳನ್ನೂ ನಾವು ಕೆಲವು ರಜಾದಿನಗಳಲ್ಲಿ ಆಡಿ ನೋಡಿದೆವು. ಪರದೆಯ ಮೇಲೆ ಒಂದು ಅರಮನೆ ಅಥವಾ ಹೂದೋಟ ನೂರು ಚೂರಾಗಿ ಚೆಲ್ಲಿರುತ್ತದೆ. ಮೌಸಿನಿಂದ ಎಳೆದು ತಂದರೆ ಸರಿಯಾದ ಚೂರು ಸರಿಯಾದ ಕಡೆ ಟಕ್ಕೆಂದು ಅಂಟಿಕೊಳ್ಳುತ್ತದೆ. ಇದರಿಂದ ತಾಳ್ಮೆ ಬೆಳೆಯುವುದು ನಿಜ. ಆದರೆ ಮರದ ಹಲಗೆಯ ಆಟಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಕೊನೆಗೆ ಬರುವ ಚಿತ್ರ ಮೊದಲೇ ಪೆಟ್ಟಿಗೆಯ ಮುಚ್ಚಳದ ಮೇಲೆ ಅಚ್ಚಾಗಿದೆ. ಆಡುವವನು ಹೊಸದೇನನ್ನೂ ಕಾಣುವುದಿಲ್ಲ; ಒಡೆದುದನ್ನು ಒಪ್ಪಿಸುತ್ತಾನೆ, ಅಷ್ಟೆ.

೩

ಇದಕ್ಕೆ ಭಿನ್ನವಾದ ಒಂದು ವಿಚಿತ್ರ ಚೂರುಚಿತ್ರದ ಆಟವನ್ನು ನಮ್ಮ ಮಗಳು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು. ಅದರ ಹೆಸರು ‘ಗೊರೊಗೋವ’. ಜೇಸನ್ ರಾಬರ್ಟ್ಸ್ ಎಂಬ ಅಮೆರಿಕದ ಕಲಾವಿದರು ಅದರ ಚಿತ್ರಗಳನ್ನೆಲ್ಲ ಕೈಯಿಂದ ಬರೆದು, ಹಲವು ವರ್ಷ ಬಹುಮಟ್ಟಿಗೆ ಒಬ್ಬರೇ ದುಡಿದು ರಚಿಸಿದರು. ೨೦೧೭ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ಚೊಚ್ಚಲ ಕೃತಿಗೆ ಕೊಡುವ ಬಹುಮಾನವನ್ನು ಅದಕ್ಕೆ ಕೊಟ್ಟಿತು.

ಆಟದ ರಂಗವೆಂದರೆ ನಾಲ್ಕು ಚೌಕಗಳು ಮಾತ್ರ; ಮೇಲೆ ಎರಡು, ಕೆಳಗೆ ಎರಡು. ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ. ಚಿತ್ರದೊಳಗಣ ಒಂದು ವಸ್ತುವನ್ನು ಒತ್ತಿದರೆ ಅದು ಸಮೀಪಕ್ಕೆ ಬಂದು ಚೌಕವನ್ನು ತುಂಬುತ್ತದೆ. ಹಿಂದಕ್ಕೆ ಸರಿದರೆ ನಾವು ನೋಡುತ್ತಿದ್ದುದು ಗೋಡೆಯ ಮೇಲೆ ತೂಗುಹಾಕಿದ ಪಟದೊಳಗಿನ ದೃಶ್ಯವಾಗಿತ್ತೆಂದು ತಿಳಿಯುತ್ತದೆ. ಚೌಕಗಳನ್ನು ಅದಲುಬದಲು ಮಾಡಬಹುದು. ಕೆಲವು ಚಿತ್ರಗಳಲ್ಲಿ ಬಾಗಿಲ ಚೌಕಟ್ಟೋ ಕಿಟಕಿಯೋ ಕೆಳಗಿನ ಚಿತ್ರದಿಂದ ಸಿಪ್ಪೆಯಂತೆ ಬೇರ್ಪಡುತ್ತದೆ; ಅದನ್ನು ಎತ್ತಿ ಮತ್ತೊಂದು ಚಿತ್ರದ ಮೇಲಿಟ್ಟರೆ, ಬೇರೊಂದು ಕಾಲದ ಬೇರೊಂದು ಬೀದಿ ಆ ಬಾಗಿಲಿನ ಆಚೆಗೆ ತೆರೆದುಕೊಳ್ಳುತ್ತದೆ. ಮೇಲಿನ ಚೌಕದ ಮರದಿಂದ ಕಳಚಿದ ಕೆಂಪು ಹಣ್ಣು ಕೆಳಗಿನ ಚೌಕದ ಬಟ್ಟಲಿಗೆ ಬೀಳುತ್ತದೆ. ದೀಪದ ಗೂಡಿನ ಚಿತ್ರವನ್ನು ದೂರದ ನಕ್ಷತ್ರವೊಂದರ ಮೇಲೆ ತಂದಿಟ್ಟರೆ ನಕ್ಷತ್ರವೇ ದೀಪದ ಕುಡಿಯಾಗುತ್ತದೆ.

ಕಥೆಯು ಇಷ್ಟು. ಒಬ್ಬ ಬಾಲಕನು ಕಿಟಕಿಯಿಂದ ನಗರದ ಮನೆಗಳ ಹಿಂದೆ ಸಾಗುವ ಬಣ್ಣಬಣ್ಣದ ಒಂದು ಅದ್ಭುತ ಜೀವಿಯನ್ನು ಕಾಣುತ್ತಾನೆ. ಅದನ್ನು ಒಲಿಸಿಕೊಳ್ಳಲು ಐದು ಬಣ್ಣದ ಐದು ಹಣ್ಣುಗಳನ್ನು ಬಟ್ಟಲಿನಲ್ಲಿ ಕೂಡಿಸಿ ಅರ್ಪಿಸಬೇಕೆಂದು ಹೊರಡುತ್ತಾನೆ. ಅವನ ಬಾಲ್ಯ, ಯುದ್ಧದಿಂದ ಹಾಳಾದ ನಗರದಲ್ಲಿ ಅವನ ಯೌವನ, ಗ್ರಂಥಗಳ ನಡುವಣ ವ್ಯಾಸಂಗ, ಯಾತ್ರೆ, ಮುಪ್ಪು ಇವೆಲ್ಲ ಒಂದೊಂದು ಚೌಕದಲ್ಲಿ ಏಕಕಾಲಕ್ಕೆ ನಮ್ಮ ಕಣ್ಣೆದುರಿಗಿರುತ್ತವೆ. ಹಣ್ಣುಗಳು ಕೂಡುತ್ತವೆ. ಬಾಲಕನು ಅರ್ಪಿಸುತ್ತಾನೆ. ಆದರೆ ಅರ್ಪಣೆ ಸ್ವೀಕೃತವಾಗುವುದಿಲ್ಲ. ಅವನು ಎತ್ತರದಿಂದ ಬೀಳುತ್ತಾನೆ. ಬಿದ್ದವನು ಮುರಿದ ಮೈಯನ್ನೂ ಮುರಿದ ನಂಬಿಕೆಯನ್ನೂ ಕೂಡಿಸಿಕೊಳ್ಳುತ್ತ ಬಾಳಿದ ಬಾಳೇ ನಾವು ಅಷ್ಟು ಹೊತ್ತು ಚೂರುಚೂರಾಗಿ ಕಂಡುದು ಎಂದು ಕೊನೆಗೆ ಹೊಳೆಯುತ್ತದೆ.

ಈ ಆಟದಲ್ಲಿ ಒಂದು ಮಾತೂ ಇಲ್ಲ. ಸಂಭಾಷಣೆಯಿಲ್ಲ, ವಿವರಣೆಯಿಲ್ಲ, ಸೂಚನೆಯೂ ಇಲ್ಲ.

೪

ಇದನ್ನು ಯಾವ ಹೆಸರಿನಿಂದ ಕರೆಯೋಣ? ಮೊದಲ ನೋಟಕ್ಕೆ ಇದು ಚಿತ್ರಬಂಧದ ಜಾತಿಗೆ ಸೇರಿದುದೆಂದು ತೋರುತ್ತದೆ. ಪದ್ಮಬಂಧ, ಮುರಜಬಂಧ, ಗೋಮೂತ್ರಿಕೆಗಳಲ್ಲಿ ಅಕ್ಷರವು ತನ್ನ ಸ್ಥಾನಬಲದಿಂದ ಎರಡೆರಡು ಸಲ ದುಡಿಯುತ್ತದೆ. ಕಮಲದ ನಡುವಣ ಒಂದು ಅಕ್ಷರ ಎಲ್ಲ ಎಸಳುಗಳಿಗೂ ಸಲ್ಲುತ್ತದೆ. ಆದರೆ ಆನಂದವರ್ಧನನು ಇಂಥವನ್ನು ಮುಖ್ಯಕಾವ್ಯವೆಂದು ಒಪ್ಪಲಿಲ್ಲ. ಇವು ಕಾವ್ಯದ ಅನುಕರಣೆಗಳೆಂದನು. ಮಮ್ಮಟನು ಚಿತ್ರಕ್ಕೆ ಅವರ, ಎಂದರೆ ಕಡೆಯ, ದರ್ಜೆಯನ್ನು ಕೊಟ್ಟನು. ಧ್ವನಿಯಿಲ್ಲದ ಕೌಶಲ ಎಷ್ಟು ಬೆರಗುಗೊಳಿಸಿದರೂ ಹೃದಯವನ್ನು ಮುಟ್ಟದೆಂಬುದು ಅವರ ಆಕ್ಷೇಪ.

‘ಗೊರೊಗೋವ’ಕ್ಕೆ ಈ ಆಕ್ಷೇಪ ತಟ್ಟುವುದೇ ಎಂಬುದು ವಿಚಾರಾರ್ಹ. ನಮ್ಮ ಅಭಿಪ್ರಾಯದಲ್ಲಿ ಇದರ ಜೀವಾಳ ಬಂಧದಲ್ಲಿಲ್ಲ, ಶ್ಲೇಷೆಯಲ್ಲಿದೆ. ಶ್ಲೇಷೆ ಎರಡು ಬಗೆಯೆಂದು ವಿದ್ಯಾರ್ಥಿಗಳಿಗೆ ನಾವೆಲ್ಲ ಹೇಳಿಕೊಟ್ಟಿದ್ದೇವೆ. ಪದವನ್ನು ಒಡೆಯದೆ ಇದ್ದ ಹಾಗೆಯೇ ಎರಡರ್ಥ ಕೊಡುವುದು ಅಭಂಗ. ಪದವನ್ನು ಬೇರೆ ಬೇರೆ ರೀತಿಯಲ್ಲಿ ಒಡೆದಾಗ ಎರಡನೆಯ ಅರ್ಥ ಹೊಮ್ಮುವುದು ಸಭಂಗ. ಈ ಆಟದಲ್ಲಿ ಎರಡು ಚೌಕಗಳನ್ನು ಪಕ್ಕಪಕ್ಕಕ್ಕೆ ತಂದಾಗ ಒಂದರ ದಾರಿ ಇನ್ನೊಂದರ ದಾರಿಯಾಗಿ ಮುಂದುವರಿದು ಬಾಲಕನು ನಡೆದು ದಾಟಿದರೆ ಅದು ಅಭಂಗ; ಚಿತ್ರಕ್ಕೆ ಗಾಯವಾಗಿಲ್ಲ. ಬಾಗಿಲ ಚೌಕಟ್ಟನ್ನು ಎತ್ತಿ ಬೇರೊಂದು ಚಿತ್ರದ ಮೇಲಿಟ್ಟರೆ ಅದು ಸಭಂಗ. ಒಡೆದಾಗಲೇ ಅರ್ಥ ಹುಟ್ಟಿತು. ಕನ್ನಡ ನಾಡಿನ ಜೈನಕವಿ ಧನಂಜಯನು ಒಂದೇ ಮಾತಿನಲ್ಲಿ ರಾಮನ ಕಥೆಯನ್ನೂ ಪಾಂಡವರ ಕಥೆಯನ್ನೂ ನಡೆಸಿದ ‘ದ್ವಿಸಂಧಾನ’ವನ್ನು ಬರೆದನು. ಪಂಪನು ೯೪೧ರಲ್ಲಿ ಅರ್ಜುನನ ಚಿತ್ರದ ಮೇಲೆ ಅರಿಕೇಸರಿಯ ಚೌಕಟ್ಟನ್ನಿಟ್ಟು ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದನು. ಪಂಪನದು ಶ್ಲೇಷಕಾವ್ಯವಲ್ಲ, ಸಮೀಕರಣ. ಆದರೂ ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡುವ ಕಣ್ಣು ಇಬ್ಬರದೂ ಒಂದೇ. ಅಂಥ ಕಣ್ಣು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ.

ಇಷ್ಟೇ ಆಗಿದ್ದರೆ ಇದು ಜಾಣ್ಮೆಯ ಮಾತಾಗಿ ನಿಲ್ಲುತ್ತಿತ್ತು. ಆದರೆ ದೀಪ ಮತ್ತು ನಕ್ಷತ್ರದ ಉದಾಹರಣೆಯನ್ನು ಮತ್ತೆ ನೋಡಿರಿ. ದೂರದ ನಕ್ಷತ್ರ ಕೈದೀಪವಾದಾಗ ನಮಗೆ ಆಗುವುದು ಲೆಕ್ಕ ಬಿಡಿಸಿದ ತೃಪ್ತಿಯಲ್ಲ. ಎಟುಕದ ವಸ್ತುವೊಂದು ಸರಿಯಾದ ಸ್ಥಾನದಲ್ಲಿ ನಿಂತು ನೋಡಿದವನಿಗೆ ಬೆಳಕಾಗಿ ಒದಗುತ್ತದೆ ಎಂಬ ಭಾವ ಹೊಳೆಯುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಇದು ಧ್ವನಿಯಲ್ಲದೆ ಮತ್ತೇನು? ವಿಸ್ಮಯದಿಂದ ಆರಂಭವಾದ ಅದ್ಭುತವು ಬಾಲಕನ ಪತನದಲ್ಲಿ ಕರುಣಕ್ಕೆ ತಿರುಗಿ, ವೃದ್ಧನ ನಡಿಗೆಯಲ್ಲಿ ಶಾಂತಕ್ಕೆ ಬಂದು ನಿಲ್ಲುತ್ತದೆ. ಮೂರು ರಸಗಳ ಈ ಸಾಗಣೆ ಆಟದ ಕಟ್ಟಿನಿಂದಲೇ ಆಗುತ್ತದೆ. ಹೊರಗಿನಿಂದ ಹಚ್ಚಿದ ಬಣ್ಣವಲ್ಲ.

ಅರ್ಪಣೆ ತಿರಸ್ಕೃತವಾಗುವ ಸನ್ನಿವೇಶ ನಮ್ಮನ್ನು ಬಹಳ ಕಾಡಿತು. ಹರಿಹರನ ಕೋಳೂರ ಕೊಡಗೂಸು ಹಾಲಿನ ಬಟ್ಟಲನ್ನು ಶಿವನ ಮುಂದಿಟ್ಟು, ಅವನು ಕುಡಿಯದಿದ್ದಾಗ ಗೋಳಿಟ್ಟಳು. ಆ ಮುಗ್ಧತೆಗೆ ಸೋತು ಶಿವನು ಹಾಲನ್ನು ಕುಡಿದನು. ನಮ್ಮ ಭಕ್ತಿಕಥೆಗಳ ಮಗು ಕೈಬರಿದಾಗಿ ಹಿಂದಿರುಗುವುದಿಲ್ಲ. ಇಲ್ಲಿಯ ಬಾಲಕನಿಗೆ ಐದು ಹಣ್ಣುಗಳ ಲೆಕ್ಕ ಮೊದಲು, ದರ್ಶನದ ಬಯಕೆ ಆಮೇಲೆ. ಬಟ್ಟಲನ್ನು ತುಂಬಿಸಿದರೆ ದೇವರು ದೊರೆಯಲೇಬೇಕೆಂದು ಅವನು ತಿಳಿದನು. ಆಡುತ್ತಿದ್ದ ನಾವೂ ಹಾಗೆಯೇ ತಿಳಿದಿದ್ದೆವು. ಐದನೆಯ ಹಣ್ಣು ಸಿಕ್ಕಾಗ ಆಟ ಗೆದ್ದೆವೆಂದು ಕುರ್ಚಿಗೆ ಒರಗಿದ ನಮಗೆ ಅವನ ಪತನವು ಕಪಾಳಕ್ಕೆ ಬಿದ್ದ ಏಟಿನಂತಾಯಿತು. ಚೂರುಗಳನ್ನು ಕೂಡಿಸಿದವನಿಗೆ ಚಿತ್ರ ಸಿಕ್ಕೇ ಸಿಗುವುದೆಂಬ ಜಿಗ್ಸಾ ಆಟದ ನಂಬಿಕೆಯನ್ನೇ ಇದು ಪ್ರಶ್ನಿಸುತ್ತದೆ. ಈ ಒಂದು ಕಾರಣಕ್ಕಾಗಿ ಇದನ್ನು ಪ್ರಹೇಳಿಕೆಗಳ ಸಾಲಿನಿಂದ ಎತ್ತಿ ಕಾವ್ಯದ ಜಗುಲಿಯ ಮೇಲೆ ಕೂರಿಸಬಹುದು.

೫

ದೋಷಗಳನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಪಾಠವಾಗುತ್ತದೆ.

ಮೊದಲನೆಯದು: ಅರ್ಥವಾಗದೆಯೂ ಇದನ್ನು ಮುಗಿಸಬಹುದು. ಇರುವುದು ನಾಲ್ಕೇ ಚೌಕಗಳಾದುದರಿಂದ, ಬುದ್ಧಿಯನ್ನು ಪಕ್ಕಕ್ಕಿಟ್ಟು ಚೌಕಗಳನ್ನು ಸುಮ್ಮನೆ ಅತ್ತಿತ್ತ ಎಳೆದಾಡಿದರೂ ಒಂದಲ್ಲ ಒಂದು ಸಲ ಕೂಡಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಹುಡುಗನ ವಿದ್ಯೆ ಇಲ್ಲಿಯೂ ಸಲ್ಲುತ್ತದೆ. ಎರಡನೆಯದು: ಒಗಟು ಒಡೆದ ಮೇಲೆ ಒಗಟಾಗಿ ಉಳಿಯದು. ಎರಡು ಮೂರು ಗಂಟೆಗಳಲ್ಲಿ ಮುಗಿಯುವ ಈ ಆಟವನ್ನು ಎರಡನೆಯ ಸಲ ಆಡಿದಾಗ ಬೆರಳುಗಳು ಮೊದಲೇ ದಾರಿ ಬಲ್ಲವು. ಕಣ್ಣಿಗೆ ಮಾತ್ರ ಕೆಲಸ. ಒಳ್ಳೆಯ ಕಾವ್ಯ ಎರಡನೆಯ ಓದಿಗೆ ಹೆಚ್ಚುತ್ತದೆ. ಇದರ ಚಿತ್ರ ಹೆಚ್ಚುತ್ತದೆ, ಆಟ ಕುಗ್ಗುತ್ತದೆ. ಮೂರನೆಯದು: ನಗರವನ್ನು ಹಾಳುಮಾಡಿದ ಯುದ್ಧ ಯಾರದು, ಏತಕ್ಕೆ ಎಂಬುದು ಎಲ್ಲಿಯೂ ಇಲ್ಲ. ಎಲ್ಲ ದೇಶಕ್ಕೂ ಸಲ್ಲಲೆಂದು ಕರ್ತೃವು ಹೀಗೆ ಬಿಟ್ಟಿರಬಹುದು. ಆದರೆ ಯಾವ ಊರಿನದೂ ಅಲ್ಲದ ದುಃಖ ಸ್ವಲ್ಪ ತೆಳ್ಳಗಾಗಿಯೇ ಇರುತ್ತದೆ.

ಇಲ್ಲಿ ಕನ್ನಡದ ಒಂದು ಕೃತಿಯನ್ನು ನೆನೆಯಬೇಕು. ಕುಮುದೇಂದು ಮುನಿಯದೆಂದು ಹೇಳಲಾಗುವ ‘ಸಿರಿಭೂವಲಯ’ದ ಮೊದಲ ಭಾಗವು ೧೯೫೩ರಲ್ಲಿ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮೊದಲಾದವರ ಶ್ರಮದಿಂದ ಬೆಳಕು ಕಂಡಿತು. ಅದರಲ್ಲಿ ಅಕ್ಷರಗಳಿಲ್ಲ, ಅಂಕಿಗಳಿವೆ. ಅಡ್ಡಕ್ಕೆ ೨೭, ಉದ್ದಕ್ಕೆ ೨೭, ಒಟ್ಟು ೭೨೯ ಮನೆಗಳ ಚಕ್ರಗಳು. ಒಂದೊಂದು ಮನೆಯಲ್ಲಿ ೧ರಿಂದ ೬೪ರವರೆಗಿನ ಒಂದು ಅಂಕಿ. ಒಂದೊಂದು ಅಂಕಿಗೆ ಒಂದು ಧ್ವನಿ. ಬಂಧದ ಕ್ರಮವನ್ನು ಬಲ್ಲವನು ಮನೆಯಿಂದ ಮನೆಗೆ ಹಾರಿ ಓದಿದರೆ ಕನ್ನಡದ ಸಾಂಗತ್ಯ ಪದ್ಯಗಳು ಹೊರಡುತ್ತವೆ. ಗ್ರಂಥದ ಕಾಲವನ್ನು ಕುರಿತೂ ಅದರೊಳಗೆ ನೂರಾರು ಭಾಷೆಗಳಿವೆಯೆಂಬ ಹೇಳಿಕೆಯನ್ನು ಕುರಿತೂ ವಿದ್ವಾಂಸರಲ್ಲಿ ವಾದವಿದೆ, ಅದು ಹಾಗಿರಲಿ. ನಮ್ಮ ಪ್ರಕೃತಕ್ಕೆ ಬೇಕಾದ ಮಾತು ಇಷ್ಟೆ: ಭೂವಲಯದ ಚೌಕಗಳನ್ನು ಸರಿಯಾಗಿ ಕೂಡಿಸಿದವನಿಗೆ ಕೊನೆಯಲ್ಲಿ ದೊರೆಯುವುದು ಮಾತು. ‘ಗೊರೊಗೋವ’ದ ಚೌಕಗಳನ್ನು ಕೂಡಿಸಿದವನಿಗೆ ಕೊನೆಯಲ್ಲಿ ದೊರೆಯುವುದು ಮೌನ.

ಮೌನವು ಉಪಾಧ್ಯಾಯನಿಗೆ ವರವೇ, ಕೊರತೆಯೇ? ಮೊದಮೊದಲು ನಾವು ಕೊರತೆಯೆಂದೇ ಎಣಿಸಿದೆವು. ಮಾತಿಲ್ಲದ ಆಟಗಳು ಮಕ್ಕಳ ಬಾಯಿಯನ್ನು ಮುಚ್ಚಿಸುತ್ತವೆಂದು ಪೋಷಕರ ಸಭೆಯಲ್ಲಿ ನಾವೇ ಭಾಷಣ ಮಾಡಿದ್ದುಂಟು. ಮುಂದೆ ಹೇಳುವ ಘಟನೆಯಿಂದ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

೬

ನಮ್ಮ ಬೀದಿಯಲ್ಲಿ, ನಮ್ಮ ಶಾಲೆಯಲ್ಲೇ ಎಂಟನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನಿದ್ದಾನೆ. ಅಜ್ಜ ಮಗ್ಗದಲ್ಲಿ ದುಡಿದವನು, ತಂದೆ ಲೇತಿನಲ್ಲಿ ದುಡಿಯುತ್ತಾನೆ. ಮನೆಯಲ್ಲಿ ಅಜ್ಜಿಯೊಡನೆ ಕನ್ನಡ. ಶಾಲೆಯಲ್ಲಿ ನಮ್ಮೊಡನೆ ಕೂಡ ಅವನು ತಮಿಳನ್ನೇ ಆಡುತ್ತಾನೆ. ಮುಖ್ಯೋಪಾಧ್ಯಾಯರೊಡನೆ ಮನೆಮಾತಾಡುವುದು ಬರಿಗಾಲಲ್ಲಿ ಕಚೇರಿಗೆ ಬಂದಂತೆ ಎಂದು ಅವನ ಎಣಿಕೆ. ಒಂದು ಭಾನುವಾರ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಾವು ಹಿಂದೆ ಕುಳಿತೆವು.

ಅರ್ಧ ಗಂಟೆ ಹುಡುಗ ತುಟಿ ಬಿಚ್ಚಲಿಲ್ಲ. ಬಾಗಿಲ ಚೌಕಟ್ಟು ಕಳಚಿ ಬಂದಾಗ ಅವನು ನಮ್ಮತ್ತ ತಿರುಗದೆಯೇ, “ಸಾರ್, ಈ ಬಾಗ್ಲು ಇಲ್ಲೂ ಸೇರ್ತೈತೆ, ಅಲ್ಲೂ ಸೇರ್ತೈತೆ!” ಎಂದು ಕೂಗಿದನು. ಕೂಗಿದ್ದು ಕನ್ನಡದಲ್ಲಿ. ಅಲ್ಲಿಂದ ಮುಂದೆ ಆಟ ಮುಗಿಯುವವರೆಗೂ ಅವನು ಕನ್ನಡದಲ್ಲೇ ತನ್ನಷ್ಟಕ್ಕೆ ತಾನು ಮಾತಾಡಿಕೊಂಡನು. ಪರದೆಯಿಂದ ಯಾವ ಭಾಷೆಯೂ ಅವನನ್ನು ಕೇಳಲಿಲ್ಲ. ಆದುದರಿಂದ ಅವನೊಳಗಿದ್ದ ಭಾಷೆ ತಾನಾಗಿ ಹೊರಬಂದಿತು. ಆಟದ ಮೌನ ಅವನ ಪಾಲಿಗೆ ಖಾಲಿ ಮನೆಯಾಗಿತ್ತು. ಅವನು ತನ್ನ ಮಾತನ್ನು ತಂದು ಅಲ್ಲಿ ಬಿಡಾರ ಮಾಡಿದನು.

ಕಂಡ ಕಥೆಯನ್ನು ಬರೆದು ತರಲು ಹೇಳಿದೆವು. ಯಾವ ಭಾಷೆಯಲ್ಲಿ ಎಂದು ಹೇಳಲು ಮರೆತೆವು. ಮಾರನೆಯ ದಿನ ಅವನು ಒಂದೂವರೆ ಪುಟ ಬರೆದು ತಂದನು. ಕನ್ನಡಕ ಹಾಕಿಕೊಂಡು ನೋಡಿದರೆ ಅಕ್ಷರಗಳೆಲ್ಲ ತಮಿಳು. ಓದತೊಡಗಿದರೆ ತಮಿಳಲ್ಲ, ಅವನ ಅಜ್ಜಿಯ ಕನ್ನಡ. ಕನ್ನಡ ಲಿಪಿಯನ್ನು ಯಾರೂ ಕಲಿಸದಿದ್ದ ಹುಡುಗ ತನಗೆ ಗೊತ್ತಿದ್ದ ಲಿಪಿಯ ಚೌಕಟ್ಟನ್ನು ಎತ್ತಿ ತನ್ನ ಮಾತಿನ ಮೇಲೆ ಇಟ್ಟಿದ್ದನು.

ಕೆಂಪು ಶಾಯಿಯ ಲೇಖನಿ ನಮ್ಮ ಕೈಯಲ್ಲಿತ್ತು. ಮೂವತ್ತು ವರ್ಷದ ಅಭ್ಯಾಸ. ತಪ್ಪು ಕಂಡಲ್ಲಿ ಗೆರೆ ಎಳೆಯುವುದು. ಆದರೆ ಎಲ್ಲಿ ಎಳೆಯುವುದು? ತಮಿಳು ಪತ್ರಿಕೆಯೆಂದು ತಿದ್ದಿದರೆ ಸೊನ್ನೆ. ಕನ್ನಡ ಪತ್ರಿಕೆಯೆಂದರೆ ಅಂಥ ಪತ್ರಿಕೆಯೇ ನಮ್ಮ ಶಾಲೆಯಲ್ಲಿಲ್ಲ. ಅಂಕ ಬರೆಯುವ ಯಾವ ಕಲಮಿನಲ್ಲಿಯೂ ಅದಕ್ಕೆ ಮನೆಯಿರಲಿಲ್ಲ. ೨೦೦೬ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ ತಮಿಳು ಎಲ್ಲರಿಗೂ ಕಡ್ಡಾಯ ಪಾಠವಾಯಿತು. ನೆಲದ ಭಾಷೆಯನ್ನು ಕಲಿಯುವುದರಲ್ಲಿ ನಮಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಅನ್ನ ಕೊಟ್ಟ ಭಾಷೆ ಅದು, ಅದರ ಸಾಹಿತ್ಯಕ್ಕೆ ನಾವು ಕೈಮುಗಿದವರೇ. ನಮ್ಮ ವ್ಯಥೆ ಬೇರೆ. ಹುಡುಗನ ಆ ಒಂದೂವರೆ ಪುಟದಲ್ಲಿ ಅಜ್ಜಿ ಹೇಳುವ ಕಥೆಗಳ ಲಯವಿತ್ತು; ಬಿದ್ದ ಬಾಲಕನನ್ನು ಕುರಿತು ಅವನು ‘ದೇವರು ಹಣ್ಣು ಕೇಳಿರಲಿಲ್ಲ, ಇವನೇ ಎಣಿಸಿದ’ ಎಂಬರ್ಥದ ಒಂದು ಮಾತು ಬರೆದಿದ್ದನು. ಮೇಲೆ ನಾಲ್ಕನೆಯ ಭಾಗದಲ್ಲಿ ನಾವು ಹರಿಹರನನ್ನು ಕರೆತಂದು ಒಂದು ಪುಟ ಹೇಳಿದ್ದು ಈ ಮಾತಿನ ಭಾಷ್ಯ ಮಾತ್ರವೆಂದು ವಾಚಕರಲ್ಲಿ ಒಪ್ಪಿಕೊಳ್ಳುತ್ತೇವೆ. ಇಂಥ ಬುದ್ಧಿ ಇಷ್ಟು ಕಾಲ ನಮ್ಮ ತರಗತಿಯಲ್ಲಿ ಕುಳಿತಿತ್ತು, ನಮಗೆ ಕಾಣಿಸಿರಲಿಲ್ಲ.

ಲಿಪಿಯ ವಿಷಯದಲ್ಲಿ ಒಂದು ಶಾಸ್ತ್ರೀಯ ಮಾತನ್ನೂ ಹೇಳಬೇಕು. ತಮಿಳು ಲಿಪಿ ತಮಿಳಿಗೆ ಪರಿಪೂರ್ಣ. ಆದರೆ ಅದರಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ತಕಾರ ದಕಾರಗಳಿಗೆ ಒಂದೇ, ಪಕಾರ ಬಕಾರಗಳಿಗೆ ಒಂದೇ. ಸ್ಥಾನವನ್ನು ನೋಡಿ ತಮಿಳರು ಉಚ್ಚಾರವನ್ನು ತಿಳಿಯುತ್ತಾರೆ. ಕನ್ನಡದಲ್ಲಿ ಪದದ ಮೊದಲಿನಲ್ಲಿಯೇ ಈ ಭೇದದಿಂದ ಅರ್ಥ ಬೇರೆಯಾಗುತ್ತದೆ. ‘ಕಾಣ’ ಎಂದರೆ ನೋಡನು, ‘ಗಾಣ’ ಎಂದರೆ ಎಣ್ಣೆ ತೆಗೆಯುವ ಯಂತ್ರ. ‘ಪೆಟ್ಟು’ ಹೊಡೆತ, ‘ಬೆಟ್ಟು’ ಬೆರಳು. ನೇಕಾರರ ಮನೆಯ ಹುಡುಗನ ಬರಹದಲ್ಲಿ ‘ಪಟ್ಟೆ’ಗೂ ‘ಬಟ್ಟೆ’ಗೂ ಭೇದವಿಲ್ಲದಾಗಿತ್ತು! ಅವನ ಅಜ್ಜನ ಮಗ್ಗದ ಮೇಲೆ ಎರಡೂ ಬೇರೆ ಬೇರೆ ಬೆಲೆಗೆ ಹೋಗುತ್ತಿದ್ದವು. ಅಂದರೆ ಆ ಚೌಕಟ್ಟು ಮಾತನ್ನು ಹಿಡಿದು ನಿಲ್ಲಿಸಿತು ನಿಜ. ಆದರೆ ಅಂಚಿನಲ್ಲಿ ಕೆಲವು ಗೆರೆಗಳು ಕೂಡಲಿಲ್ಲ. ‘ಬಾಗಿಲು’ ಎಂಬ ಅವನ ಮೆಚ್ಚಿನ ಪದವನ್ನು ತಿಳಿಯದವರು ಓದಿದರೆ ‘ಪಾಗಿಲು’ ಎಂದಾರು.

ನಾವು ಗೆರೆ ಎಳೆಯಲಿಲ್ಲ, ಅಂಕವನ್ನೂ ಹಾಕಲಿಲ್ಲ. ಆ ಹಾಳೆಯ ಕೆಳಗೆ ಅವನ ಮೊದಲ ವಾಕ್ಯವನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಹಿಂದಿರುಗಿಸಿದೆವು. ಅವನು ಎರಡು ಸಾಲುಗಳನ್ನೂ ಬೆರಳಿಟ್ಟು ಹೋಲಿಸಿ, “ಇದೇನಾ ಸಾರ್ ನಮ್ಮ ಎಳತ್ತು?” ಎಂದನು. ಅಕ್ಷರಕ್ಕೆ ಅವನು ಬಳಸಿದ ಮಾತು ತಮಿಳಿನದು. ಹೌದಪ್ಪಾ ಎಂದೆವು. ಅಂದಿನಿಂದ ಶನಿವಾರದ ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಅವನಿಗೆ ಕನ್ನಡ ಅಕ್ಷರಾಭ್ಯಾಸ ನಡೆದಿದೆ. ಈಗ ಅವನ ಜೊತೆಗೆ ಇನ್ನಿಬ್ಬರು ಬರುತ್ತಿದ್ದಾರೆ. ಒತ್ತಕ್ಷರಗಳಲ್ಲಿ ಮೂವರೂ ಎಡವುತ್ತಾರೆ. ಒಬ್ಬನಿಗೆ ಆಟದ ಆಸೆಯೇ ಹೊರತು ಅಕ್ಷರದ ಆಸೆಯಿಲ್ಲ. ಇದರಿಂದ ಕನ್ನಡ ಉದ್ಧಾರವಾಯಿತೆಂದು ಬೀಗುವಷ್ಟು ಅವಿವೇಕ ನಮಗಿಲ್ಲ.

೭

ಪ್ರಬಂಧವನ್ನು ಇಲ್ಲಿಗೆ ಮುಗಿಸುತ್ತೇವೆ. ‘ಗೊರೊಗೋವ’ವು ದೋಷರಹಿತ ಕೃತಿಯಲ್ಲ, ಆದರೆ ಚೂರುಚಿತ್ರದ ಆಟಕ್ಕೆ ಅದು ಒಂದು ಹೊಸ ಅರ್ಥವನ್ನು ಕೊಟ್ಟಿದೆ. ಸ್ಪಿಲ್ಸ್‌ಬರಿಯ ಭೂಪಟದಲ್ಲಿ ಚೂರು ತನ್ನ ಮನೆಯನ್ನು ಸೇರಿದಾಗ ಪಾಠ ಮುಗಿಯುತ್ತದೆ. ಇಲ್ಲಿ ಚೂರು ಎರಡು ಮನೆಗಳಿಗೂ ಸಲ್ಲುತ್ತದೆಂದು ತಿಳಿದಾಗ ಪಾಠ ಆರಂಭವಾಗುತ್ತದೆ. ತರಬೇತಿ ಕಾಲೇಜಿನಲ್ಲಿ ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂಬ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದೆವು. ಮಗುವಿಗೆ ಏನು ತಿಳಿದಿದೆಯೆಂಬುದೇ ಉಪಾಧ್ಯಾಯನಿಗೆ ತಿಳಿಯದ ಗಡಿನಾಡಿನ ಶಾಲೆಗಳಲ್ಲಿ ಆ ಸೂತ್ರ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ. ವಾರದಲ್ಲಿ ಒಂದು ಗಂಟೆ, ಮಾತಿಲ್ಲದ ಚಿತ್ರವನ್ನೋ ಆಟವನ್ನೋ ಮಕ್ಕಳ ಮುಂದಿಟ್ಟು, ಅವರು ತಮಗೆ ಬಂದ ಮಾತಿನಲ್ಲಿ ಹೇಳುವುದನ್ನು ಕೆಂಪು ಲೇಖನಿಯಿಲ್ಲದೆ ಕೇಳುವುದು ಯಾವ ಕಾಯಿದೆಗೂ ವಿರುದ್ಧವಲ್ಲ, ಯಾವ ಸರ್ಕಾರದ ಹಣವನ್ನೂ ಬೇಡುವುದಿಲ್ಲ. ನಮ್ಮ ಸಂಘದ ಸದಸ್ಯರು ತಂತಮ್ಮ ಊರುಗಳಲ್ಲಿ ಇದನ್ನು ಮಾಡಿ ನೋಡಿ, ಕೇಳಿದುದನ್ನು ಮುಂದಿನ ಸಂಚಿಕೆಗೆ ಬರೆದರೆ ಅದೇ ಒಂದು ಸಂಶೋಧನೆಯಾದೀತು.

ಆಟದ ವಿಷಯದಲ್ಲಿ ನಾವು ಹೊಸಬರು, ಅಲಂಕಾರಶಾಸ್ತ್ರದಲ್ಲಿಯೂ ಪಂಡಿತರಲ್ಲ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ. ಕೆಂಪು ಶಾಯಿಯಲ್ಲಿ ತಿದ್ದಿದರೂ ಚಿಂತೆಯಿಲ್ಲ. ನಮಗೆ ಅದು ಅಭ್ಯಾಸವಿದೆ.